ಎಡಕ್ಕೆ ಹೊರಳುವ ಗಾಡಿ

ಗಂಗಾವತಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಮೀನಸಾಬನ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. ಜನ ದಾರಿ ತೋರಿಸುವ ಮೊದಲು ಎಚ್ಚರಿಕೆ ಕೊಡುತ್ತಾರೆ: "ಗಾಡಿ ನೀರಾಗ ತೊಳದು ತಂದೀರೇನ್ರಿ? ಹಂಗಿದ್ರ ಹೋಗಬ್ಯಾಡ್ರಿ, ಬೈಸ್ಕೋತೀರಿ." ಸುಳ್ಳಲ್ಲ. ಮೂವತ್ತು ವರ್ಷ ಗದ್ದೆಯ ಪಂಪ್‌ಸೆಟ್ಟುಗಳ ಮೋಟರಿಗೆ ತಂತಿ ಸುತ್ತಿ ಸುತ್ತಿ ಅವನ ಬೆರಳುಗಳು ವಾರ್ನಿಶಿನ ಬಣ್ಣಕ್ಕೆ ತಿರುಗಿವೆ. ನಾಲಿಗೆಯೂ ಅದೇ ಬಣ್ಣ ಎಂದು ಹೆಂಡತಿ ಸರ್ದಾರಬೀ ಹೇಳುತ್ತಾಳೆ. ಬೈಯುವುದರಲ್ಲಿ ದೊಡ್ಡವರು ಸಣ್ಣವರು ಎಂಬ ಭೇದ ಅವನಿಗಿಲ್ಲ.

ಪಂಪಿನಿಂದ ರೇಸಿನ ರಿಮೋಟ್ ಗಾಡಿಗೆ ಅವನು ಬಂದದ್ದೇ ಒಂದು ಕತೆ. ಕೆಲವು ವರ್ಷಗಳ ಹಿಂದೆ ವಿರೂಪಾಪುರಗಡ್ಡೆಯಲ್ಲಿ ಇಳಿದುಕೊಂಡಿದ್ದ ಪರದೇಶದವನೊಬ್ಬ ಮೊಳದುದ್ದದ ಗಾಡಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಮುಳ್ಳುಮುಳ್ಳಾದ ನಾಲ್ಕು ಗಾಲಿ, ಕಾಲು ಮುರಿದ ಏಡಿಯ ಅವತಾರ. ಸಂಜೆ ಬರುತ್ತೇನೆಂದು ಸನ್ನೆ ಮಾಡಿ ಹೋದವನು ಇವತ್ತಿಗೂ ಬಂದಿಲ್ಲ. ಅಮೀನಸಾಬ ಬಿಚ್ಚಿ ನೋಡಿದರೆ ಒಳಗೆ ಹೆಬ್ಬೆರಳು ಗಾತ್ರದ ಮೋಟರು. "ಮೋಟರ್ ಅಂದಮ್ಯಾಲ ಮೋಟರ. ಆನಿ ಆದ್ರೇನು, ಇಲಿ ಆದ್ರೇನು, ಜೀವ ಒಂದ" ಎಂದು ರಿಪೇರಿ ಮಾಡಿ ಓಣಿಯಲ್ಲಿ ಓಡಿಸಿಯೇ ಬಿಟ್ಟ. ರೈಸ್‌ಮಿಲ್ಲಿನವರು ನೋಡಿದರು, ಭತ್ತ ಕೊಯ್ಯುವ ಮಷಿನ್ನಿನ ಡ್ರೈವರುಗಳು ನೋಡಿದರು. ಹುಚ್ಚು ಹತ್ತಲು ಎಷ್ಟು ಹೊತ್ತು? ಈಗ ಕೊಯ್ಲು ಮುಗಿದರೆ ಸಾಕು, ಕೂಳೆ ಉಳಿದ ಗದ್ದೆಗಳಲ್ಲಿ ರೇಸು, ಮುರಿದ ಗಾಡಿಗಳು ಅಮೀನಸಾಬನ ಅಂಗಡಿಯಲ್ಲಿ.

ಗಾಡಿ ಬಾಳಿಕೆ ಬರಬೇಕಾದರೆ ಹೇಗೆ ನೋಡಿಕೊಳ್ಳಬೇಕು ಎಂದು ಅವನು ಪ್ರತಿಯೊಬ್ಬನಿಗೂ ಹೇಳುತ್ತಾನೆ, ಅಂದರೆ ಬೈದು ಹೇಳುತ್ತಾನೆ. ಎರೆಮಣ್ಣು ಮೆತ್ತಿದ ಗಾಡಿಯನ್ನು ತೊಳೆಯಬಾರದು, ನೀರು ಕುಡಿದ ಮಣ್ಣು ಬೇರಿಂಗಿನೊಳಗೆ ಹೋಗಿ ಸಿಮೆಂಟಾಗುತ್ತದೆ; ಒಣಗಲು ಬಿಟ್ಟು ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಬೇಕು. ಬೇರಿಂಗಿಗೆ ಕೊಬ್ಬರಿ ಎಣ್ಣೆ ಬಿಟ್ಟವನಂತೂ ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲ. ಆಟ ಶುರುವಾಗುವಾಗ ಮೊದಲು ರಿಮೋಟ್ ಹಚ್ಚಬೇಕು, ಮುಗಿದಾಗ ರಿಮೋಟನ್ನು ಕಡೆಗೆ ಆರಿಸಬೇಕು. "ಗಾಡಿಗೆ ತಪ್ಪು ಮಾಡಾಕ ಬರಂಗಿಲ್ಲೋ. ತಪ್ಪು ಮಾಡೋದು ಕೈ" ಎಂಬುದು ದಿನಕ್ಕೆ ಹತ್ತು ಸಲ ಅವನ ಬಾಯಲ್ಲಿ ಬರುವ ಮಾತು. ಆ ಮಾತೇ ತಿರುಗಿ ಬಂದು ಅವನ ಕುತ್ತಿಗೆಗೆ ಬಿತ್ತು.

ತಳಕಲ್ಲಿನ ಕೊಟ್ರೇಶನೊಬ್ಬನೇ ಅವನ ಬೈಗುಳಕ್ಕೆ ನಗುತ್ತಿದ್ದವನು. ಇಪ್ಪತ್ತೇಳರ ಆಳು, ಗಂಗಾವತಿ ಸೀಮೆಯಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದ. ಆನೆಯಂಥ ಮಷಿನ್ನಿನಿಂದ ಇಳಿದವನೇ ಇಲಿಯಂಥ ಗಾಡಿಯ ಮುಂದೆ ಕೂರುತ್ತಿದ್ದ. ಎಳ್ಳಮಾವಾಸ್ಯೆಯ ಬೆಳಿಗ್ಗೆ ಹೊಸ ರಿಮೋಟು ತಂದ. ರಿಮೋಟಿನ ಮಾತನ್ನು ಗಾಳಿಯಲ್ಲಿ ಹಿಡಿಯುವ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದು ಗಾಡಿಯೊಳಗೆ ಇರುತ್ತದೆ, ರಿಸೀವರು. ಅಮೀನಸಾಬ ಅದನ್ನೂ ಹೊಸದಾಗಿ ಕೂರಿಸಿದ. ಉಳಿದದ್ದು ಒಂದೇ ಕೆಲಸ. ದೂರ ಹೋಗಿಯೋ ಸೆಲ್ ಇಳಿದೋ ರಿಮೋಟಿನ ಮಾತು ಕೇಳದೇ ಹೋದರೆ ಗಾಡಿ ಏನು ಮಾಡಬೇಕು ಎಂದು ರಿಸೀವರಿಗೆ ಮೊದಲೇ ಕಲಿಸಿಡಬೇಕು. ಇದಕ್ಕೆ ಅಮೀನಸಾಬ ಇಟ್ಟ ಹೆಸರು 'ಕಡೀ ಮಾತು'. ರಿಮೋಟಿನಿಂದ ಬೆರಳು ತೆಗೆದು ಸುಮ್ಮನೆ ನಿಂತು, ರಿಸೀವರಿನ ಸಣ್ಣ ಗುಂಡಿಯನ್ನು ಕಡ್ಡಿಯಿಂದ ಒತ್ತಿದರೆ ದೀಪ ಮೂರು ಸಲ ಮಿಣುಕುತ್ತದೆ. ಗುಂಡಿ ಒತ್ತಿದ ಗಳಿಗೆಯಲ್ಲಿ ಬೆರಳು ಏನು ಹೇಳುತ್ತಿರುತ್ತದೋ ಅದೇ ಕಡೀ ಮಾತು; ಬೆರಳು ಸುಮ್ಮನಿದ್ದರೆ, ಆಮೇಲೆ ರಿಮೋಟು ಸತ್ತಾಗ ಗಾಡಿಯೂ ನಿಲ್ಲುತ್ತದೆ.

"ಬೆರಳು ತಗದು ನಿಂದ್ರು" ಎಂದ ಅಮೀನಸಾಬ.

"ಒಂದ ನಿಮಿಷ ತಡೀರಿ ಸಾಬ್ರ. ಅಮಾಸಿ ಐತಿ, ನಿಂಬಿಹಣ್ಣಿನ ಮ್ಯಾಲ ಹಾಯಿಸಿಬಿಡ್ತೀನಿ."

ಈ ಸೀಮೆಯಲ್ಲಿ ಅಮಾವಾಸ್ಯೆ ಬಂತೆಂದರೆ ಲಾರಿಯಿಂದ ಹಿಡಿದು ಮೋಟರ್ ಸೈಕಲ್ಲಿನವರೆಗೆ ಎಲ್ಲದಕ್ಕೂ ಪೂಜೆ, ಗಾಲಿಯ ಕೆಳಗೆ ನಿಂಬೆಹಣ್ಣು. ಇಷ್ಟು ಸಣ್ಣ ಗಾಡಿಗೆ ಇಡೀ ಹಣ್ಣು ಎಲ್ಲಿ ಒಡೆದೀತು? ಕೊಟ್ರೇಶ ಒಂದು ಹೋಳು ಕೊಯ್ದು ಎಡ ಮುಂಗಾಲಿಯ ಮುಂದಿಟ್ಟ. ಗಾಲಿಯನ್ನು ಎಡಕ್ಕೆ ತಿರುಗಿಸಿ, ಮೊಟ್ಟೆಯ ಮೇಲೆ ಕೈ ಇಟ್ಟ ಹಾಗೆ ಮೆಲ್ಲಗೆ ಬೆರಳು ಒತ್ತಿದ. ಗಾಡಿ ಗೇಣುದ್ದ ಸರಿದು ಹೋಳಿನ ಮೇಲೆ ಏರಿತು, ಬೆರಳು ಇನ್ನೂ ಒತ್ತಿಯೇ ಇತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ನವಲಿಯ ರೈತನೊಬ್ಬ, "ನನ್ನ ಮೋಟರ್ ಏನಾತ್ರೀ, ಸಸಿಮಡಿ ಒಣಗಾಕತ್ತೈತಿ!" ಎಂದು ಒದರಿದ. "ಬಂದೆ, ಊರ ಮುಳಿಗೇತೇನು?" ಎಂದು ಮುಖ ಅತ್ತ ತಿರುಗಿಸಿ ಬೈಯುತ್ತಲೇ ಅಮೀನಸಾಬ ಇತ್ತ ಗುಂಡಿ ಒತ್ತಿದ. ದೀಪ ಮೂರು ಸಲ ಮಿಣುಕಿತು. ರಿಮೋಟು ಆರಿಸಿ ಒಮ್ಮೆ ಪರೀಕ್ಷೆ ಮಾಡುವುದು ಅವನ ಪದ್ಧತಿ. ಅವತ್ತು ಮಾಡಲಿಲ್ಲ.

ಮರುದಿನ ನವಲಿ ಕಡೆಯ ಗದ್ದೆಯಲ್ಲಿ ರೇಸು. ಸಂಜೆಗೆ ಕೊಟ್ರೇಶನ ಜೊತೆಗಾರ ಹನಮೇಶ ಓಡುತ್ತ ಬಂದು ಅಂಗಡಿಯ ಕಂಬ ಹಿಡಿದು ನಿಂತ. "ಸಾಬ್ರ, ಕೊಟ್ರೇಶ ಕಾಲುವ್ಯಾಗ ಹೋಗ್ಯಾನ್ರಿ." ಅವನ ಗಾಡಿ ಎಲ್ಲರಿಗಿಂತ ಮುಂದೆ ದೂರ ಹೋಗಿತ್ತಂತೆ. ಇದ್ದಕ್ಕಿದ್ದ ಹಾಗೆ ರಿಮೋಟಿನ ಮಾತು ಕೇಳುವುದನ್ನು ಬಿಟ್ಟಿತು. ನಿಲ್ಲಲಿಲ್ಲ, ಮೆಲ್ಲಗೆ ಎಡಕ್ಕೆ ಹೊರಳುತ್ತ ಕಾಲುವೆಯ ಏರಿ ಹತ್ತಿತು. ಹಿಡಿಯಲು ಓಡಿದ ಕೊಟ್ರೇಶನ ಕಾಲು ಪಾಚಿಗಟ್ಟಿದ ಸಿಮೆಂಟಿನ ಮೇಲೆ ಜಾರಿತು. ತುಂಬಿದ ಕಾಲುವೆ, ಮೇಲಾಗಿ ಈಜು ಬಾರದವನು. ಉಳಿದವರು ಹೋಗಿ ನೋಡುವಾಗ ಅವನಿಲ್ಲ. ಏರಿಯ ಕಲ್ಲಿಗೆ ಮೂತಿ ಹಚ್ಚಿ ನಿಂತ ಗಾಡಿಯ ಗಾಲಿಗಳು ಮಾತ್ರ ಇನ್ನೂ ತಿರುಗುತ್ತಿದ್ದವು. ಹೆಣ ಮರುದಿನ ಕೆಳಗಿನ ಗೇಟಿನ ಬಳಿ ಸಿಕ್ಕಿತು. ಗಾಡಿಯನ್ನು ಮನೆಗೆ ಮುಟ್ಟಿಸಿದರು, ರಿಮೋಟು ಸಿಗಲೇ ಇಲ್ಲ.

"ಗಾಡಿ ತಾನಾಗೇ ಹೋತ್ರಿ ಸಾಬ್ರ, ಯಾರೋ ಕರದಂಗ" ಎಂದ ಹನಮೇಶ. "ಸಿಗ್ನಲ್ ತಪ್ಪಿರಬೇಕು" ಎಂದ ಅಮೀನಸಾಬ. ಆಗ ಅವನಿಗೆ ಬೇರೇನೂ ಹೊಳೆದಿರಲಿಲ್ಲ, ಅಷ್ಟು ಮಾತ್ರ ಅವನ ಪರವಾಗಿ ಹೇಳಬಹುದು.

ಮುಂದಿನ ಅಮಾವಾಸ್ಯೆಯ ಮಧ್ಯಾಹ್ನ ವೈರಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿದಳು. ಬುಟ್ಟಿಯಲ್ಲಿ ಟವೆಲ್ ಸುತ್ತಿದ ಗಾಡಿ.

"ಅಮೀನಣ್ಣಾರಂದ್ರ ನೀವೇನ್ರಿ? ನಾನು ಕೊಟ್ರೇಶನ ಅವ್ವ, ವಿರೂಪಾಕ್ಷಮ್ಮ. ತಳಕಲ್ ಸಾಲ್ಯಾಗ ಬಿಸಿಯೂಟ ಮಾಡ್ತೀನಿ. ನಿಮ್ಮ ಬಗ್ಗೆ ಭಾಳ ಹೇಳತಿದ್ದ, ನೀವು ಬೈತೀರಿ ಅಂತ." ನಕ್ಕಳು. "ಗಾಲಿ ಕಿರ್ರ್ ಅಂತಾವರಿ. ಸ್ವಲ್ಪ ಛಲೋ ಮಾಡಿ ಕೊಡ್ರಿ. ಅವ ದಿನಾ ಓಡಸ್ತಾನ."

"ಯಾರಕ್ಕಾ?"

"ಯಾರಂದ್ರ? ಕೊಟ್ರ್ಯಾ."

ಗಾಡಿಯನ್ನು ನೆಲಕ್ಕಿಟ್ಟು ಸ್ವಿಚ್ಚು ಒತ್ತಿದಳು. ರಿಮೋಟು ಊರಲ್ಲೇ ಇಲ್ಲ, ನೀರ ತಳದಲ್ಲಿ ಎಲ್ಲೋ ಇದೆ. ಗುಂಯ್ ಎಂದು ಸಣ್ಣ ದನಿ ಎದ್ದಿತು. ಮುಂಗಾಲಿಗಳು ಎಡಕ್ಕೆ ಹೊರಳಿದವು. ಗಾಡಿ ಮೆಲ್ಲಗೆ ಹೊರಟು, ಅಂಗಡಿಯ ನೆಲದಲ್ಲಿ ಅಗಲವಾದ ಸುತ್ತು ಹಾಕಿ, ತಾಯಿಯ ಕಾಲಿಗೆ ಬಂದು ಮೂತಿ ತಾಗಿಸಿತು. "ಬಂದ್ಯಾ?" ಎಂದಳು ಅವಳು, ಸಾಲೆ ಬಿಟ್ಟು ಬಂದ ಮಗನನ್ನು ಕೇಳಿದ ಹಾಗೆ.

ಅಮೀನಸಾಬ ಒಂದು ಹೆಜ್ಜೆ ಹಿಂದೆ ಸರಿದ. ದೆವ್ವವೆಂದಲ್ಲ. ಆ ನಡಿಗೆಯನ್ನು ಅವನು ನೋಡಿದ್ದ. ಗಾಲಿ ಎಡಕ್ಕೆ, ಬೆರಳು ಮೆಲ್ಲಗೆ, ಮುಂದೆ ನಿಂಬೆಯ ಹೋಳು! ಗಾಡಿಗೆ ಅವತ್ತು ಅವನು ಕಲಿಸಿದ ಕಡೀ ಮಾತು ನಿಲ್ಲು ಎಂಬುದಾಗಿರಲಿಲ್ಲ, ನಿಂಬೆಹಣ್ಣಿನ ಮೇಲೆ ಹಾಯುವುದಾಗಿತ್ತು. ರಿಮೋಟಿನ ಮಾತು ತಪ್ಪಿದಾಗಲೆಲ್ಲ ಈ ಗಾಡಿ ಇಲ್ಲದ ನಿಂಬೆಹಣ್ಣನ್ನು ಹುಡುಕಿ ಎಡಕ್ಕೆ ಹೋಗುತ್ತದೆ. ಕಾಲುವೆಯ ಏರಿಗೂ ಹಾಗೆಯೇ ಹೋಗಿತ್ತು, ಹಿಂದೆ ಆ ಮಗನನ್ನು ಎಳೆದುಕೊಂಡು. ತಪ್ಪು ಮಾಡಿದ್ದು ಗಾಡಿಯಲ್ಲ, ಕೈ. ಅವನ ಕೈ.

ಹೇಳಬೇಕೆಂದು ಬಾಯಿ ತೆರೆದ. "ಬೇರಿಂಗ್ ಹೋಗ್ಯಾವ ಅಕ್ಕಾ" ಎಂಬ ಮಾತು ಹೊರಗೆ ಬಂತು.

ಅಲ್ಲಿಂದ ಪ್ರತಿ ಅಮಾವಾಸ್ಯೆಗೆ ಅವಳು ಬಂದಳು. ಸಾಲೆಗೆ ರಜೆ ಹಾಕಿ, ಕೊಪ್ಪಳದಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು. ಆಟದ ಗಾಡಿ ದಿನಾ ನಡೆಯುವುದಕ್ಕೆ ಮಾಡಿದ್ದಲ್ಲ, ಸವೆಯುತ್ತದೆ. ಮೊದಲು ಬೇರಿಂಗು ಹೋದವು, ಆಮೇಲೆ ಗೇರಿನ ಹಲ್ಲು. ಬ್ಯಾಟರಿ ಉಬ್ಬಿತು. ಗಾಲಿ ಹಿಡಿಯುವ ತೋಳು ಮುರಿದವು, ಕಡೆಗೆ ಮೋಟರೇ ಸುಟ್ಟಿತು. ಅಮೀನಸಾಬ ಒಂದೊಂದನ್ನೂ ಬದಲಿಸಿದ. ಕೂಲಿ ಕೇಳಲಿಲ್ಲ, ಬೈಯಲೂ ಇಲ್ಲ. ಕೊಬ್ಬರಿ ಎಣ್ಣೆ ಬಿಟ್ಟು ತಂದಾಗಲೂ ಬೈಯಲಿಲ್ಲ! ಅವನು ಬೈಯದ್ದನ್ನು ಕಂಡು ಸರ್ದಾರಬೀಗೆ ದಿಗಿಲಾಯಿತು.

ಬದಲಿ ಸಾಮಾನು ಬರುವವರೆಗೆ ಗಾಡಿ ಅಂಗಡಿಯಲ್ಲಿ ಉಳಿದ ದಿನಗಳಲ್ಲಿ ಅವನು ಬ್ಯಾಟರಿ ತೆಗೆದು, ಮುಂಗಾಲಿ ನೆಟ್ಟಗೆ ಮಾಡಿ ಹಲಗೆಯ ಮೇಲೆ ಇಡುತ್ತಿದ್ದ. ಊಟ ಮಾಡಿ ಬರುವಷ್ಟರಲ್ಲಿ ಗಾಲಿಗಳು ಎಡಕ್ಕೆ ತಿರುಗಿರುತ್ತಿದ್ದವು. ಗಾಲಿ ತಿರುಗಿಸುವ ಯಂತ್ರದ ದೋಷವೆಂದು ಅದನ್ನೂ ಬದಲಿಸಿದ. ಮತ್ತೆ ತಿರುಗಿದವು. ಬ್ಯಾಟರಿ ಇಲ್ಲದ ಗಾಡಿಗೆ ಎಲ್ಲಿಯ ಬಲ? ಮೂವತ್ತು ವರ್ಷದ ವಿದ್ಯೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಟವೆಲ್ ಮುಚ್ಚಿ, ಅತ್ತ ನೋಡದೆ ಕೆಲಸ ಮಾಡತೊಡಗಿದ.

ಅವಳು ಹೇಳುತ್ತಿದ್ದ ಸುದ್ದಿಗಳೂ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬದಲಾಗುತ್ತ ಹೋದವು. ಮೊದಮೊದಲು, "ನಾ ರೊಟ್ಟಿ ಇಟ್ರ ತಾಟಿಗಿ ಬಂದು ತಾಗ್ತಾನ್ರಿ" ಎನ್ನುತ್ತಿದ್ದಳು. ಆಮೇಲೆ, "ಸಾಲ್ಯಾಗ ಸಾರು ಕುದಿಯೂವಾಗ ಅವನ ಗಾಡಿ ಸಪ್ಪಳ ಕೇಳತೈತ್ರಿ, ಗುಂಯ್ ಅಂತ. ಗಾಡಿ ಮನ್ಯಾಗಿರತೈತಿ, ಸಪ್ಪಳ ನನ್ನ ಹಿಂದ ಬರತೈತಿ." ಮುಂಗಾರಿನ ಹೊತ್ತಿಗೆ, "ಮೊನ್ನಿ ಹಿತ್ತಲ ಬಾಗಲಾ ದಾಟಿ ಹೋದ್ರಿ. ನಾನೂ ಬೆನ್ನ ಹತ್ತಿದೆ. ಹಾಳು ಬಾವಿ ಹತ್ರ ಹೋಗಿ ನಿಂತ. ಎಡಕ್ಕ ಎಡಕ್ಕ ಅಂತ ಕರೀತಾನ್ರಿ ನನ್ನ."

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವಳು ಬುಟ್ಟಿ ಎತ್ತಿಕೊಳ್ಳುತ್ತ, ಸಂತೆಗೆ ಹೋಗುವ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದಳು: "ನಾಗರ ಅಮಾಸಿಗಿ ಕಾಲುವಿಗೆ ನೀರು ಬಂದಿರತೈತಿ ಅಲ್ರಿ ಅಣ್ಣಾರ. ಇಲ್ಲಿ ಬಂದು ಗಾಡಿ ಛಲೋ ಮಾಡಿಸ್ಕೊಂಡು ನವಲಿಗೆ ಹೋಕ್ಕೀನಿ. ಅವ ಹೋದ ಜಾಗದಾಗ ಬಿಡ್ತೀನಿ. ಎಲ್ಲಿ ಕರಕೊಂಡು ಹೋಕ್ಕಾನ, ಹೋಗೂದು."

ಅವಳು ಹೋದಮೇಲೆ ಅಮೀನಸಾಬ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತ. ಗಾಡಿ ಎಡಕ್ಕೇ ಹೋಗುತ್ತದೆ, ಎಡಕ್ಕೆ ಏರಿ, ಏರಿಯ ಆಚೆ ನೀರು. ಹಿಂದೆ ಈ ಹೆಂಗಸು. ಸರ್ದಾರಬೀ ನೀರು ತಂದು ಕೊಟ್ಟು, "ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಳ್ಳಾವ್ರಗತೆ ಐದು ತಿಂಗಳಿಂದ ಯಾಕ ಹಿಂಗ ಮಾಡಾಕತ್ತೀರಿ? ಏನೈತಿ ಹೇಳ್ರಿ" ಎಂದಳು. ಹೇಳಿದ. ಬಾಯಿ ಬಿಟ್ಟು ಅತ್ತ.

"ಆ ಕಡೀ ಮಾತು ಅಳಸಿಬಿಡ್ತೀನಿ ಸರ್ದಾರಾ. ಹೊಸಾ ರಿಮೋಟ್ ಕೂಡಿಸಿ ಗುಂಡಿ ಒತ್ತಿದ್ರ ಮುಗೀತು. ಗಾಡಿ ನಿಂತಲ್ಲೇ ನಿಲ್ತೈತಿ. ಆಕೀಗೆ ಗೊತ್ತ ಆಗಂಗಿಲ್ಲ."

"ಮಗ ಎರಡನೇ ಸಲ ಸತ್ತ ಅಂತ ತಿಳಕೋತಾಳ. ಆವಾಗ ಕಾಲುವಿಗೆ ಹೋಗಾಕ ಗಾಡಿ ಯಾಕ ಬೇಕು ಆಕೀಗೆ?" ಎಂದಳು ಸರ್ದಾರಬೀ. "ಮಾಡಿದ್ದು ನೀವು. ಹೇಳೋರೂ ನೀವ."

ನಾಗರ ಅಮಾವಾಸ್ಯೆ ಬಂತು. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು. ವಿರೂಪಾಕ್ಷಮ್ಮ ಮಧ್ಯಾಹ್ನದ ಬಸ್ಸಿಗೆ ಇಳಿದಳು. ಹೊಸ ಸೀರೆ ಉಟ್ಟಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಅಮೀನಸಾಬ ಅದನ್ನು ನೋಡಿದ. ಗಾಡಿಯನ್ನು ಇಸಿದುಕೊಂಡು ನೆಲಕ್ಕಿಟ್ಟ. ಜೇಬಿನಿಂದ ನಿಂಬೆಹಣ್ಣು ತೆಗೆದು ಹೋಳು ಕೊಯ್ದು, ಅವತ್ತು ಕೊಟ್ರೇಶ ಇಟ್ಟಿದ್ದ ಹಾಗೆಯೇ ಎಡ ಮುಂಗಾಲಿಯಿಂದ ಗೇಣು ದೂರದಲ್ಲಿಟ್ಟ. ಸ್ವಿಚ್ಚು ಒತ್ತಿದ. ಗುಂಯ್ ಎಂದಿತು. ಗಾಡಿ ಹೊರಳಿ, ಸರಿದು, ಹೋಳಿನ ಮೇಲೆ ಏರಿತು. ರಸ ನೆಲಕ್ಕೆ ಹರಿಯಿತು, ಅವನು ಸ್ವಿಚ್ಚು ಆರಿಸಿದ.

"ಅಕ್ಕಾ, ಇದು ಅವ ಕರಿಯೂದಲ್ಲ. ಇದು ಎಳ್ಳಮಾಸಿ ದಿನದ ಪೂಜಿ" ಎಂದು ಶುರು ಮಾಡಿ, ಎಲ್ಲವನ್ನೂ ಹೇಳಿದ. ಗುಂಡಿ, ಕಡ್ಡಿ, ಬಾಗಿಲಲ್ಲಿ ಒದರಿದ ರೈತ, ತಾನು ಮಾಡದೇ ಬಿಟ್ಟ ಪರೀಕ್ಷೆ. "ಒತ್ತಿದಾಂವ ನಾನು. ನಿಲ್ಲಬೇಕಾದ ಗಾಡಿ ನಿಲ್ಲಲಿಲ್ಲ, ನನ್ನಿಂದ. ನಿನ್ನ ಮಗ ಅದರ ಬೆನ್ನ ಹತ್ತಿ ಹೋದ."

ಹೊರಗೆ ಬಸ್ಸಿನ ಕಂಡಕ್ಟರು ಕನಕಗಿರಿ, ನವಲಿ ಎಂದು ಕೂಗುತ್ತಿದ್ದ. ಕೂಗು ನಿಂತು ಬಸ್ಸು ಹೋಯಿತು, ವಿರೂಪಾಕ್ಷಮ್ಮ ಅತ್ತ ತಿರುಗಲಿಲ್ಲ.

"ಅಣ್ಣ ಅಂದಿದ್ದೆ ನಿನ್ನ."

ಅಮೀನಸಾಬ ತಲೆ ತಗ್ಗಿಸಿದ. ಇಷ್ಟು ದಿನ ನೀವು, ಅಣ್ಣಾರ ಎನ್ನುತ್ತಿದ್ದವಳು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಏಳು ಅಮಾಸಿ ಬಂದೆ. ಬಂದಾಗೊಮ್ಮೆ ನಿನ್ನ ಕೈಯಾಗ ಚಾ ಕುಡದೆ." ಅವಳ ದನಿ ಏರಲಿಲ್ಲ. ಆಮೇಲೆ ನೆಲದ ಮೇಲಿನ ಗಾಡಿಯನ್ನು ನೋಡುತ್ತ ಕೇಳಿದಳು: "ನೀ ಗುಂಡಿ ಒತ್ತಿದಿ. ರಿಮೋಟ್ ಯಾರ ಕೈಯಾಗಿತ್ತು?"

"ಅವನ ಕೈಯಾಗ."

"ಹಂಗಾರ ಇದರೊಳಗ ಇರೋದು ಅವನ ಬಟ್ಟು."

ಅಮೀನಸಾಬ ಇದನ್ನು ಯೋಚಿಸಿಯೇ ಇರಲಿಲ್ಲ. ಆರು ತಿಂಗಳು ತನ್ನ ಕೈಯನ್ನಷ್ಟೇ ನೋಡಿಕೊಂಡು ಕೂತಿದ್ದ. ಹೌದಲ್ಲ! ಕಡ್ಡಿ ಹಿಡಿದದ್ದು ಅವನು, ಆದರೆ ಗಾಡಿ ಕಲಿತದ್ದು ಕೊಟ್ರೇಶನ ಬೆರಳನ್ನು. ಅವತ್ತು ಆ ಬೆರಳು ಎಷ್ಟು ಒತ್ತಿತ್ತೋ ಅಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇರಿಂಗು, ಗೇರು, ಮೋಟರು, ತೋಳು ಎಲ್ಲ ಬದಲಾಗಿದ್ದವು. ಆ ಬೆಂಕಿಪೊಟ್ಟಣದಂಥ ರಿಸೀವರೊಂದೇ ಅವನ ಕಾಲದ್ದು. "ಹೌದಕ್ಕಾ" ಎಂದ. "ಅವಂದ."

ವಿರೂಪಾಕ್ಷಮ್ಮ ನೆಲದ ಮೇಲೆ ಕೂತಳು. ಹೊಸ ಸೀರೆಗೆ ನಿಂಬೆಯ ರಸ ಹತ್ತಿತು, ಲಕ್ಷಿಸಲಿಲ್ಲ. ಜಜ್ಜಿದ ಹೋಳನ್ನು ತೆಗೆದು, ಅದರ ಜಾಗದಲ್ಲಿ ತನ್ನ ಅಂಗೈಯನ್ನು ಗೋಡೆಯ ಹಾಗೆ ನಿಲ್ಲಿಸಿದಳು. "ಹಚ್ಚು" ಎಂದಳು.

ಗಾಡಿ ಹೊರಳಿ ಬಂದು ಅವಳ ಅಂಗೈಗೆ ಮೂತಿ ಇಟ್ಟಿತು. ಮುಂದೆ ಹೋಗಲು ಜಾಗವಿಲ್ಲ, ಆದರೂ ತಳ್ಳುತ್ತಿತ್ತು, ಮೊಲೆ ಹುಡುಕುವ ಕರುವಿನಷ್ಟು ಮೆತ್ತಗೆ. ಗಾಲಿಗಳು ನೆಲವನ್ನು ಕೆರೆಯುತ್ತಿದ್ದವು.

"ಇಷ್ಟ ಒತ್ತಿದ್ನೇನು?"

"ಇಷ್ಟ ಅಕ್ಕಾ."

"ಇಷ್ಟ ಮೆತ್ತಗ?"

ಅವಳು ಕೈ ತೆಗೆಯಲಿಲ್ಲ. ಗಿರಾಕಿಗಳು ಬಾಗಿಲಿಗೆ ಬಂದರು, ಸರ್ದಾರಬೀ ಕೈಸನ್ನೆ ಮಾಡಿ ಕಳಿಸಿದಳು. ಮುಕ್ಕಾಲು ತಾಸು ಆ ಹೆಂಗಸು ಹಾಗೇ ಕೂತಿದ್ದಳು, ಬ್ಯಾಟರಿ ಇಳಿದು ದನಿ ಸಣ್ಣದಾಗಿ ನಿಲ್ಲುವ ತನಕ. ಸ್ವಿಚ್ಚು ಆರಿಸಲು ಅಮೀನಸಾಬ ಕೈ ಚಾಚಿದಾಗ, ಗಾಡಿಯ ಮುಂಗಾಲಿಗಳು ಮೆಲ್ಲಗೆ ನೆಟ್ಟಗಾದವು. ಏಳು ತಿಂಗಳಲ್ಲಿ ಮೊದಲ ಸಲ. ಇಬ್ಬರೂ ನೋಡಿದರು.

ಅವಳು ಎದ್ದು ಖಾಲಿ ಬುಟ್ಟಿ ಎತ್ತಿಕೊಂಡಳು. ಗಾಡಿಯನ್ನು ಮುಟ್ಟಲಿಲ್ಲ.

"ನನ್ನ ಮನ್ಯಾಗಿದ್ರ ನಾ ಇದರ ಬೆನ್ನ ಹತ್ತಿ ಹೋಕ್ಕೀನಿ. ಇಲ್ಲೇ ಇರಲಿ. ಅಮಾಸಿಗೊಮ್ಮಿ ಬರ್ತೀನಿ, ಕೈ ಇಡಾಕ." ಮೆಟ್ಟಿಲಿಳಿದು, ತಿರುಗಿ ನೋಡದೆ ಹೇಳಿದಳು: "ನಿನ್ನ ಮಾತ್ರ ನಾ ಮಾಫ್ ಮಾಡಿಲ್ಲ, ತಿಳಕೋ. ಇದನ್ನ ಕೆಡಗೊಡಬ್ಯಾಡ."

ಅವಳು ನವಲಿಯ ಬಸ್ಸಿಗಲ್ಲ, ಕೊಪ್ಪಳದ ಬಸ್ಸಿಗೆ ಹತ್ತಿದ್ದನ್ನು ಸರ್ದಾರಬೀ ಹೋಗಿ ನೋಡಿ ಬಂದಳು.

ಇವತ್ತಿಗೂ ಗಾಡಿ ಅಲ್ಲಿದೆ. ಅಮಾವಾಸ್ಯೆಯ ಮಧ್ಯಾಹ್ನ ಅಂಗಡಿಯ ಅರ್ಧ ಶಟರ್ ಇಳಿದಿರುತ್ತದೆ, ಒಳಗಿನಿಂದ ಗುಂಯ್ ಎಂಬ ದನಿ ಬರುತ್ತಿರುತ್ತದೆ, ಓಣಿಯವರು ಜಿನ್ನು ಅದು ಇದು ಎಂದು ಏನೇನೋ ಆಡಿಕೊಳ್ಳುತ್ತಾರೆ. ಆ ಮಾತಿಗೆ ಮಾತ್ರ ಅಮೀನಸಾಬ ಯಾರಿಗೂ ಬೈಯುವುದಿಲ್ಲ. ದಿನಾ ಬೆಳಿಗ್ಗೆ ಮೊದಲು ಆ ಗಾಡಿಯ ದೂಳು ಒರೆಸುತ್ತಾನೆ, ಆಮೇಲೆ ಉಳಿದ ಕೆಲಸ. ಬೇರಿಂಗು, ಗೇರು, ಮೋಟರು ಎರಡೆರಡು ತಂದು ಡಬ್ಬಿಯಲ್ಲಿ ಇಟ್ಟಿದ್ದಾನೆ. ಬದಲಿ ಸಿಗದ ಆ ರಿಸೀವರನ್ನು ಮಾತ್ರ ಹತ್ತಿಯಲ್ಲಿ ಸುತ್ತಿ, ತೇವ ತಾಗದ ಹಾಗೆ ಮೇಣ ಹಚ್ಚಿ, ವಾರಕ್ಕೊಮ್ಮೆ ಬಿಚ್ಚಿ ನೋಡುತ್ತಾನೆ. ಹೋದ ತಿಂಗಳು ಅದರ ಒಂದು ಮೂಲೆಯಲ್ಲಿ ಹಸಿರು ಕಿಲುಬು ಕಂಡಿದೆ. ಇದನ್ನು ಅವಳಿಗೆ ಅವನು ಇನ್ನೂ ಹೇಳಿಲ್ಲ.